ಸಡಿಲ ಬೀಡಿ

ನಾರಾವಿ ಕಡೆಯ ನಮ್ಮ ಊರಿನಲ್ಲಿ ಹೆಣ್ಣುಮಕ್ಕಳ ಓದು ಏಳನೆಯ ಕ್ಲಾಸಿಗೇ ಮುಗಿಯುತ್ತಿದ್ದ ಕಾಲ ಅದು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೈಸ್ಕೂಲು ದೂರ, ಬೀಡಿ ಹತ್ತಿರ. ಯಾವ ಮನೆಯ ಜಗಲಿಗೆ ಹೋದರೂ ಮಡಿಲಲ್ಲಿ ಮೊರದಂಥ ಗೆರಸೆ ಇಟ್ಟು ಕೂತ ಹೆಂಗಸರು, ಹೊಗೆಸೊಪ್ಪಿನ ಘಾಟು, ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆಯ ವಾಸನೆ. ನಮ್ಮ ಆಟವೂ ಅದೇ. ಕೆಂಡದಲ್ಲಿ ಒಂದು ಹಲಸಿನ ಬೀಜ ಬೇಯುವಷ್ಟರಲ್ಲಿ ಯಾರು ಹೆಚ್ಚು ಬೀಡಿ ಸುತ್ತುತ್ತಾರೋ ಆ ಬೀಜ ಅವರಿಗೆ. ಆ ವರ್ಷದ ಬೀಜಗಳನ್ನೆಲ್ಲ ಹೆಚ್ಚುಕಡಿಮೆ ನಾನೇ ತಿಂದಿದ್ದೇನೆ. ಅದೇ ನನಗೆ ಮುಳುವಾಯಿತು.

ಏಳನೆಯದು ಪಾಸಾಗಿತ್ತು. ಎಂಟನೆಯದಕ್ಕೆ ಹೋಗಬೇಕೆಂದು ನನಗೆ ಆಸೆ. ಅಮ್ಮನಿಗೆ ನನ್ನ ಕೈಯ ಮೇಲೆ ಆಸೆ. ಹೈಸ್ಕೂಲಿನ ಟೀಚರೊಬ್ಬರು ಸೀರೆಯ ಅಂಚೆಲ್ಲ ಕೆಸರು ಮಾಡಿಕೊಂಡು ಎರಡು ಸಲ ಮನೆಗೆ ಬಂದರು. ತಿಂಗಳ ಕೊನೆಗೆ ಹೆಸರು ಸೇರಿಸುವುದು ಮುಗಿಯುತ್ತದೆ ಎಂದರು. ಅಮ್ಮ ಅವರಿಗೆ ಬೆಲ್ಲ ನೀರು ಕೊಟ್ಟು ಉಪಚರಿಸಿದಳು, ಮಾತಿಗೆ ಮಾತ್ರ ಜಗ್ಗಲಿಲ್ಲ.

"ಇವಳ ಕೈ ನೋಡಿ ಟೀಚರೇ. ಬೀಡಿಗೇ ಅಂತ ದೇವರು ಕೊಟ್ಟದ್ದು. ಶಾಲೆಗೆ ಹೋಗಿ ಏನಾಗ್ಲಿಕ್ಕೆ ಉಂಟು?"

ಟೀಚರ್ ಹೋದ ಮೇಲೆ ಅಕ್ಕ ನನ್ನನ್ನು ಬಾವಿಕಟ್ಟೆಗೆ ಕರೆದಳು. ನನಗಿಂತ ಐದು ವರ್ಷಕ್ಕೆ ದೊಡ್ಡವಳು, ಇಡೀ ದಿನ ಅಮ್ಮನ ಜೊತೆ ಬೀಡಿಗೆ ಕೂರುವವಳು. ಅತ್ತು ಪ್ರಯೋಜನವಿಲ್ಲ, ಸೊಪ್ಪು ಕಡಿಮೆ ಹಾಕು, ನೂಲು ಸಡಿಲ ಬಿಡು, ಬೀಡಿ ಕಂಪನಿಯ ಬ್ರಾಂಚಿನವರು ಬೀಡಿ ವಾಪಸ್ ಮಾಡಿದರೆ ಅಮ್ಮನೇ ನಿನ್ನನ್ನು ಶಾಲೆಗೆ ಓಡಿಸ್ತಾಳೆ ಎಂದಳು.

ಕೈ ಕೇಳಬೇಕಲ್ಲ. ಒಂದು ಸಡಿಲವಾಗಿ ಸುತ್ತಿದರೆ ಮರ್ಯಾದೆ ಹೋದಂತಾಗಿ, ಬಿಚ್ಚಿ ಮತ್ತೆ ಗಟ್ಟಿಯಾಗಿ ಸುತ್ತುತ್ತಿದ್ದೆ. ಅಕ್ಕ ಹಣೆ ಚಚ್ಚಿಕೊಂಡಳು. "ನಿನಗೆ ಶಾಲೆ ಬೇಕಾ, ಬೀಡಿಯ ಜಂಬ ಬೇಕಾ?" ಕೊನೆಗೆ ಅವಳೇ ಕೆಟ್ಟ ಬೀಡಿ ಸುತ್ತಿ ನನ್ನ ಕಟ್ಟುಗಳಿಗೆ ಸೇರಿಸತೊಡಗಿದಳು. ನನ್ನ ಕಟ್ಟನ್ನು ಅಮ್ಮ ಬಿಚ್ಚಿ ನೋಡುತ್ತಿರಲಿಲ್ಲ, ಅಷ್ಟು ನಂಬಿಕೆ.

ಮೂರನೆಯ ದಿನ ಅಮ್ಮ ಬ್ರಾಂಚಿನಿಂದ ಬಂದವಳೇ ಚೀಲವನ್ನು ಜಗಲಿಯಲ್ಲಿ ಸುರಿದಳು. ನನ್ನ ಕಟ್ಟುಗಳೆಲ್ಲ ವಾಪಸ್. ಮಗಳನ್ನು ದನ ಮೇಯಿಸಲಿಕ್ಕೆ ಕಳಿಸಿ ಎಂದು ನಾಲ್ಕು ಜನರ ಎದುರು ನಗಾಡಿದರಂತೆ. ಅಮ್ಮ ಒಂದೊಂದೇ ಬೀಡಿ ಎತ್ತಿ ಬೆಳಕಿಗೆ ಹಿಡಿದಳು. ಆಗ ನನಗೆ ಹೊಳೆಯಿತು: ಅಕ್ಕ ಎಡಚಿ. ಅವಳ ನೂಲು ನಮ್ಮದರ ವಿರುದ್ಧ ದಿಕ್ಕಿಗೆ ಸುತ್ತಿರುತ್ತದೆ.

ಅಮ್ಮ ಅಕ್ಕನ ಮುಖ ನೋಡಿದಳು. ಅಕ್ಕ ತಲೆ ಎತ್ತದೆ ಎಲೆ ಕತ್ತರಿಸುತ್ತಲೇ ಇದ್ದಳು.

"ಇವಳ ಕೈ ಕೆಟ್ಟಿದೆ," ಎಂದಳು ಅಮ್ಮ ನನ್ನತ್ತ ಕೈ ತೋರಿಸಿ, ಅಕ್ಕನನ್ನೇ ನೋಡುತ್ತ. "ಇನ್ನು ಬೀಡಿಗೆ ಆಗ್ಲಿಕ್ಕಿಲ್ಲ. ನಾಳೆ ಶಾಲೆಗೆ ಸೇರಿಸುವ."

ಅಂದು ಗಂಜಿಗೆ ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯ ಪಲ್ಯ. ಮೂರು ಸಲ ಬಡಿಸಿಕೊಂಡೆ.

ಈಗ ಆ ಬ್ರಾಂಚು ಮುಚ್ಚಿದೆ. ಊರಿನ ಹೆಣ್ಣುಮಕ್ಕಳು ಬಸ್ಸು ಹತ್ತಿ ಮೂಡುಬಿದಿರೆಯ ಕಾಲೇಜಿಗೆ ಹೋಗುತ್ತಾರೆ. ಬೀಡಿ ಹೋದದ್ದಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ. ಬೇಸರವಿದ್ದರೆ ಒಂದಕ್ಕೇ. ಅಕ್ಕ ಐದನೆಯ ಕ್ಲಾಸಿಗೇ ಶಾಲೆ ಬಿಟ್ಟವಳು, ಗಣಿತದಲ್ಲಿ ನನಗಿಂತ ಎಷ್ಟೋ ಚುರುಕು. ಮೊನ್ನೆ ಕೇಳಿಯೇಬಿಟ್ಟೆ, ನಿನಗೆ ಆಗ ಶಾಲೆಯ ಆಸೆ ಇರಲಿಲ್ಲವಾ ಎಂದು.

"ಇತ್ತು," ಎಂದು ನಕ್ಕಳು. "ನನಗೆ ಅಕ್ಕ ಇರಲಿಲ್ಲವಲ್ಲ ಮಾರಾಯ್ತಿ."