ತಂಗಿ ಹೊಲಿದ ಕೊನೆಯ ಚೀಲ

ಹೊಲಿಗೆ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಭೂತಗನ್ನಡಿ ಅಕ್ಕ ಅಂತ. ಬಾಹ್ಯಾಕಾಶ ನಿಲ್ದಾಣಕ್ಕೆ ಊಟ, ನೀರು, ಬಟ್ಟೆಬರೆ ಹೊತ್ತು ಹೋಗುವ ದೊಡ್ಡ ಡಬ್ಬವೊಂದಿತ್ತು. ಅಲ್ಲಿ ಖಾಲಿಯಾಗಿ, ಅಲ್ಲಿಯ ಸಾಮಾನು ತುಂಬಿಕೊಂಡು ವಾಪಸ್ ಇಳಿಯುತ್ತಿತ್ತು. ತೊಳೆದು ಒರೆಸಿದರೆ ಮತ್ತೆ ಹೊರಡುತ್ತಿತ್ತು. ಒಳಗಿನ ಚೀಲಗಳೂ ಹಾಗೆಯೇ. ಬಂದಾಗಲೆಲ್ಲ ಅವುಗಳನ್ನು ಡಬ್ಬದೊಳಗೆ ಬಿಗಿದು ಕಟ್ಟುವ ಪಟ್ಟಿ, ಹೊಲಿಗೆಗಳನ್ನು ಭೂತಗನ್ನಡಿ ಹಿಡಿದು ನೋಡಬೇಕು. ಗಟ್ಟಿ ಇದ್ದರೆ ಹಸಿರು ಚೀಟಿ, ಸವೆದಿದ್ದರೆ ಕತ್ತರಿ. ಆ ತೀರ್ಪು ಅಕ್ಕನದು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವ ಹೆಂಗಸು, ಅವಳ ಮೇಜು ದಾಟುವುದೇನು ಹುಡುಗಾಟವೇ?

ಅದೇ ಶೆಡ್ಡಿನ ಆರನೇ ಮಿಷನ್ನು ಅವಳ ತಂಗಿಯದು. ಅಮ್ಮ ಹೋದ ಮೇಲೆ ಅಕ್ಕನೇ ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗಿ. ಪಟ್ಟಿಯ ಬುಡದಲ್ಲಿ ಮೂರು ಸಾಲು ಹೊಲಿದು ಭದ್ರ ಮಾಡಬೇಕು ಅನ್ನುವುದು ಕ್ರಮ. ಇವಳು ನಾಲ್ಕು ಹಾಕುತ್ತಿದ್ದಳು.

"ಮೂರು ಅಂದ್ರೆ ಮೂರು ಕಣೇ. ನೂಲೇನು ನಿಮ್ಮಪ್ಪನ ಮನೆ ಗಂಟಾ?" ಅಂತ ಅಕ್ಕ ಗದರಿದರೆ, "ನಮ್ಮಪ್ಪ ನಿನಗೂ ಅಪ್ಪನೇ ಅಲ್ವಾ? ಇರ್ಲಿ ಬಿಡಕ್ಕಾ, ಅಷ್ಟು ದೂರ ಹೋಗತ್ತೆ, ಒಂದು ಜಾಸ್ತಿ" ಅಂತ ನಗುತ್ತಿದ್ದಳು.

ಜ್ವರ ಅಂತ ಮಲಗಿದವಳು ಒಂಬತ್ತನೇ ದಿನ ಕಣ್ಣುಮುಚ್ಚಿದಳು. ವಿಧಿಗೆ ಬೇರೆ ಮನೆಯೇ ಕಾಣಲಿಲ್ಲವೇ!

ಅವಳ ಕೈಯ ಹನ್ನೊಂದು ಚೀಲ ಉಳಿದಿದ್ದವು. ಒಂದೊಂದೇ ಸವೆದವು. ಹತ್ತನ್ನು ಅಕ್ಕ ತಾನೇ ಎದೆ ಕಲ್ಲು ಮಾಡಿಕೊಂಡು ಕತ್ತರಿಸಿದಳು. ಹನ್ನೊಂದನೆಯದು ಇಳಿದು ಬರುವ ದಿನ ಮಾತ್ರ ಎಲ್ಲರಿಗಿಂತ ಮುಂಚೆ ಬಂದು ಕೂರುತ್ತಿದ್ದಳು. ಮನೆಯಲ್ಲಿ ತಂಗಿಯ ಬಟ್ಟೆ ನೆಂಟರ ಪಾಲಾಗಿತ್ತು, ಅವಳ ದನಿ ಕೂಡ ಮರೆಯುತ್ತಾ ಬಂದಿತ್ತು. ಇದ್ದದ್ದು ಈ ಚೀಲ ಒಂದೇ.

ಹಾಗಿರುವಾಗ ಒಂದು ಸಲ, ನಾಲ್ಕು ಸಾಲಿನ ಪಕ್ಕದಲ್ಲೇ ಪಟ್ಟಿಯ ಎಳೆ ಸವೆದದ್ದು ಕಂಡಿತು. ಚೆನ್ನಾಗಿಯೇ ಕಂಡಿತು. ಅಕ್ಕ ಭೂತಗನ್ನಡಿ ಕೆಳಗಿಟ್ಟು ಅತ್ತಿತ್ತ ನೋಡಿದಳು. ಇದೊಂದು ಸಲ ಹೋಗಿಬರಲಿ ಅಂದುಕೊಂಡು ಹಸಿರು ಚೀಟಿ ಕಟ್ಟಿಬಿಟ್ಟಳು.

ಆ ಸಲ ಡಬ್ಬ ಇಳಿಯುವಾಗಿನ ಕುಲುಕಾಟಕ್ಕೆ ಪಟ್ಟಿ ಹರಿದುಹೋಯಿತು. ಚೀಲ ಹಾರಿಬಿದ್ದು, ಮೇಲೆ ನಿಲ್ದಾಣದವರು ಎಂಟು ತಿಂಗಳು ಜೋಪಾನವಾಗಿ ಬೆಳೆಸಿ ಕಳಿಸಿದ್ದ ಸಸಿಗಳೆಲ್ಲ ಜಜ್ಜಿಹೋದವು.

ಮರುದಿನ ಮೇಲ್ವಿಚಾರಕ ಎಲ್ಲರನ್ನೂ ನಿಲ್ಲಿಸಿಕೊಂಡು ವರದಿ ಬರೆಯತೊಡಗಿದ. "ಆರನೇ ಮಿಷನ್ನಿನ ಚೀಲ. ಹೊಲಿಗೆ ದೋಷ. ಪಾಪ, ಹೋದವಳನ್ನ ಈಗ ಕೇಳೋದೇನಿದೆ? ಬರೆದು ಮುಗಿಸಿಬಿಡ್ತೀನಿ."

ಅಕ್ಕ ಮುಂದೆ ಬಂದಳು. ಬಾಯಿ ಮುಚ್ಚಿಕೊಂಡಿದ್ದರೆ ಅವಳ ಕೂದಲೂ ಕೊಂಕುತ್ತಿರಲಿಲ್ಲ. ಆದರೆ ಅವಳ ತಂಗಿ ಹೊಲಿಗೆ ಬರದವಳು ಅಂತ ಕಾಗದದಲ್ಲಿ ಶಾಶ್ವತವಾಗಿ ಉಳಿಯುತ್ತಿತ್ತು.

"ಬರೀಬೇಡಿ ಸಾರ್," ಅಂದಳು. "ಇಲ್ಲಿ ನೋಡಿ. ಹೊಲಿಗೆ ನಾಲ್ಕು ಸಾಲೂ ಹಾಗೇ ಇದೆ. ಹರಿದಿರೋದು ಪಟ್ಟಿ. ಅದು ಸವೆದಿದ್ದು ನನಗೆ ಹೋದ ಸಲವೇ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟೆ."

"ಗೊತ್ತಿದ್ದೂ? ನೀವು?"

"ಅವಳದ್ದು ಅಂತ ಇದ್ದಿದ್ದು ಅದೊಂದೇ ಸಾರ್."

ಮೇಲ್ವಿಚಾರಕ ಪೆನ್ನು ಹಿಡಿದುಕೊಂಡೇ ನಿಂತ. "ಇದನ್ನ ಬರೆದರೆ ನಾಳೆಯಿಂದ ಈ ಮೇಜು ನಿಮ್ಮದಲ್ಲ ಅಕ್ಕಾ."

"ಬೇಡ ಬಿಡಿ. ಸತ್ತವಳ ತಲೆ ಮೇಲೆ ಮಾತ್ರ ಗೂಬೆ ಕೂರಿಸಬೇಡಿ."

ಅವನು ಬರೆದ. ಹರಿದ ಚೀಲವನ್ನು ಅಲ್ಲೇ ಕತ್ತರಿಸಿ ತೂಕ ಹಾಕಿ ಲೆಕ್ಕ ಇಡುವ ಚಿಂದಿ ತೊಟ್ಟಿಗೆ ಹಾಕಬೇಕು, ಒಂದು ಚೂರೂ ಮನೆಗೆ ಒಯ್ಯುವ ಹಾಗಿಲ್ಲ. ಪಕ್ಕದವಳು ಕತ್ತರಿಗೆ ಕೈಚಾಚಿದಳು. "ಕೊಡು ಇಲ್ಲಿ, ನಾನಿದ್ದೀನಿ," ಅಂತ ಅಕ್ಕ ಕಸಿದುಕೊಂಡಳು.

ಬಟ್ಟೆ ಸಲೀಸಾಗಿ ತುಂಡಾಯಿತು. ಪಟ್ಟಿಯ ಬುಡಕ್ಕೆ ಬಂದಾಗ ಕತ್ತರಿ ಕಚ್ಚಿಕೊಂಡು ನಿಂತಿತು. ಎರಡೂ ಕೈಯಲ್ಲಿ ಅದುಮಿದಳು, ಆಗಲಿಲ್ಲ.

"ಮೂರು ಸಾಕು ಅಂದಿದ್ದೆನಲ್ಲೇ," ಅಂತ ಶೆಡ್ಡಿನವರ ಎದುರಿಗೇ ಬಿಕ್ಕಿ ಬಿಕ್ಕಿ ಅಳತೊಡಗಿದಳು. "ನನ್ನ ಮಾತು ಯಾವತ್ತು ಕೇಳಿದ್ದೆ ನೀನು?" ಅನ್ನುತ್ತಾ ಮತ್ತೆ ಅದುಮಿದಳು.