ತುಂಬಿಯೇ ಉಳಿದ ತಂಬಿಗೆ

ಬಿಕ್ಕಳಿಕೆ ಹತ್ತಿದವರಿಗೆ ಒಂದು ಸುಳ್ಳು ಹೇಳಿ ಬೆಚ್ಚಿಬೀಳಿಸಬೇಕು. ಮಾಳಮಡ್ಡಿಯ ನಮ್ಮ ಮನೆಯಲ್ಲಿ ಅದೇ ಔಷಧ. ಮಾವನವರಿಗೆ ಬಿಕ್ಕಳಿಕೆ ಹತ್ತಿ ಎರಡು ದಿನ ಕಳೆದಿತ್ತು. ಸಕ್ಕರೆ ತಿನ್ನಿಸಿ, ಉಸಿರು ಹಿಡಿಸಿ, ಲೋಟಗಟ್ಟಲೆ ನೀರು ಕುಡಿಸಿ ಸೋತ ಅತ್ತೆ, ಮೂರನೆಯ ಮುಂಜಾನೆ ಎಲ್ಲರಿಗೂ ಸುಳ್ಳಿನ ಪಾಳಿ ಹಚ್ಚಿದರು.

"ತುಪ್ಪದ ಗಡಿಗಿಗೆ ನೀವು ಕೈ ಹಾಕಿದ್ದು ನೋಡೇನ್ರಿ!" ಎಂದು ಮೊದಲು ತಾವೇ ಗದರಿದರು.

"ಹಿತ್ತಲಾಗ ಹಾವು ಬಂದದ!" ಎಂದು ನನ್ನ ಗಂಡ ಕೂಗಿದರು.

ಮಾವನವರು ಕಣ್ಣು ಸಹ ತೆರೆಯಲಿಲ್ಲ. ಎದೆ ಮಾತ್ರ ಜಿಗಿಯುತ್ತಲೇ ಇತ್ತು. ಮುಖ ಊದಿತ್ತು.

"ಈಗ ನಿನ್ನ ಪಾಳಿ. ಬಾಯಾಗ ಏನ ಇಟಗೊಂಡೀ?" ಎಂದರು ಅತ್ತೆ.

ನಾನು ಆ ಮನೆಗೆ ಬಂದು ಎಂಟು ತಿಂಗಳು. ಮಾವನವರ ಎದುರು ದನಿ ತೆಗೆದವಳಲ್ಲ. ಅವರು ಹಿತ್ತಲಿಗೆ ಹೋಗುವಾಗ ಒಯ್ಯುವ ತಂಬಿಗೆಯನ್ನು ದಿನಾ ಬೆಳಿಗ್ಗೆ ತುಂಬಿಡುವವಳು ನಾನು. ನಿನ್ನೆ ಇಟ್ಟದ್ದು ಇನ್ನೂ ತುಂಬಿಯೇ ಇತ್ತು. ಅಷ್ಟು ನೀರು ಕುಡಿದವರು ಒಮ್ಮೆಯೂ ಎದ್ದಿರಲಿಲ್ಲ. ಆದರೆ ಸೊಸೆಯಾದವಳು ಅದನ್ನು ಯಾವ ಬಾಯಿಂದ ಹೇಳುವುದು?

ಕಣ್ಣು ಮುಚ್ಚಿ ಹೇಳಿಬಿಟ್ಟೆ. "ಮಾವನವರಿಗೆ ನಿನ್ನೆ ಮುಂಜಾನಿಂದ ಒಂದಕ್ಕ ಆಗಿಲ್ರಿ. ಜೀವಕ್ಕ ಅಪಾಯ ಅದ. ಲಗೂ ಡಾಕ್ಟರನ್ನ ಕರಸ್ರಿ."

ಅತ್ತೆ ನಕ್ಕುಬಿಟ್ಟರು. "ಅಬ್ಬಾ! ಎಂಥಾ ಸುಳ್ಳು ಹುಡುಕೀಯವಾ! ನನಗ ಎದಿ ಧಸಕ್ ಅಂತು."

ಗಂಡನೂ ನಕ್ಕರು. "ಸುಳ್ಳಲ್ರಿ, ತಂಬಿಗಿ ನೋಡ್ರಿ," ಎಂದೆ. ನಗು ಇನ್ನೂ ಹೆಚ್ಚಿತು. ಇನ್ನೇನು ಮಾಡಲಿ ಎಂದು ತೋಚದೆ, ಆಣೆ ಮಾಡುವವಳಂತೆ ದೇವರ ಮನೆಯತ್ತ ಕೈ ಚಾಚಿ ನಿಂತೆ.

ಆಗ ಹಾಸಿಗೆಯಿಂದ, ಎರಡು ಬಿಕ್ಕಳಿಕೆಗಳ ನಡುವೆ, ಬಹಳ ಸಣ್ಣ ದನಿ: "ಆಕಿ... ಖರೇ ಹೇಳ್ಯಾಳ. ನನಗ... ಹೇಳ್ಲಿಕ್ಕೆ ನಾಚಿಕಿ ಆತು."

ನಗು ಅಲ್ಲಿಗೇ ನಿಂತಿತು. ಗಂಡ ಚಪ್ಪಲಿ ಸಹ ಮೆಟ್ಟದೆ ಓಡಿದರು.

ಟಾಂಗಾದಲ್ಲಿ ಬಂದ ಡಾಕ್ಟರರು ನಮ್ಮನ್ನೆಲ್ಲ ಹೊರಗೆ ಕಳಿಸಿ, ನಳಿಗೆ ಹಾಕಿ ಕಟ್ಟಿದ್ದ ಮೂತ್ರ ತೆಗೆದರು. ಹಲವು ದಿನಗಳಿಂದಲೇ ಮೂತ್ರ ಪೂರ್ತಿ ಹೋಗದೆ, ಒಳಗಿನ ವಿಷ ರಕ್ತಕ್ಕೇರಿ ಬಿಕ್ಕಳಿಕೆ ಹುಟ್ಟಿಸಿತ್ತಂತೆ. ಹೊರಗೆ ಬಂದವರೇ ಅತ್ತೆಯ ಮೇಲೆ ರೇಗಿದರು. "ಸಾದಾ ಬಿಕ್ಕಳಿಕಿ ಸ್ವಲ್ಪ ಹೊತ್ತಿನಾಗ ತಾನ ಹೋಗತದ. ಎರಡು ದಿನ ದಾಟೂತನಕ ಕಾಯೂದೇನ್ರಿ? ಮೂತ್ರ ನಿಂತರ, ಮಾತು ತೊದಲಿದರ, ನುಂಗಲಿಕ್ಕೆ ಬರದಿದ್ರ ಒಂದು ತಾಸೂ ಕಾಯಬ್ಯಾಡ್ರಿ."

ಮರುದಿನ ಸಂಜೆಗೆ ಬಿಕ್ಕಳಿಕೆ ನಿಂತಿತು. ವಾರ ಕಳೆದ ಮೇಲೆ, ಹಿತ್ತಲ ಬಾಗಿಲಿನಿಂದ ಮಾವನವರು ಮನೆಗೆಲ್ಲ ಕೇಳುವ ಹಾಗೆ ಕೂಗಿದರು: "ತಂಬಿಗಿ ಖಾಲಿ ಆತವಾ, ತುಂಬಿಡು!"