ಬಿಳಿ ಕುಂಡದ ಮೂರು ತೂತು

ಆ ಬಿಳಿ ಕುಂಡದ ಮೂರು ತೂತುಗಳನ್ನು ಸಿಮೆಂಟು ಮೆತ್ತಿ ಮುಚ್ಚಿದ್ದು ನಾನು. ಆಲದ ಬೋನ್ಸಾಯ್ ಬೇರು ಕೊಳೆತದ್ದು ನನ್ನಿಂದ, ಹುಲುಗಪ್ಪಣ್ಣನಿಂದಲ್ಲ — ಇಷ್ಟು ಹೇಳಲು ನನಗೆ ಒಂಬತ್ತು ವರ್ಷ ಬೇಕಾಯಿತು.

ನಾನು ಎಮ್ಮಿಗನೂರಿನವಳು. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಕಾಲೇಜು ಕಂಡವರಲ್ಲ. ಅವ್ವನ ಜೊತೆ ಭತ್ತದ ನಾಟಿಗೆ ಹೋಗುತ್ತಲೇ ಓದಿ ತೋಟಗಾರಿಕೆಯಲ್ಲಿ ಪದವಿ ಪಡೆದೆ. ಆ ಹೆಮ್ಮೆ ಇಂದಿಗೂ ಇದೆ, ಯಾಕೆ ಮುಚ್ಚಿಡಲಿ? ಸಂಡೂರಿನ ಹತ್ತಿರದ ಕಾರ್ಖಾನೆಯೊಂದರ ಅತಿಥಿಗೃಹದ ತೋಟಕ್ಕೆ ಮೇಲ್ವಿಚಾರಕಿಯಾಗಿ ಸೇರಿದೆ. ವಡ್ಡು ಗ್ರಾಮದ ಹುಲುಗಪ್ಪಣ್ಣ ಅಲ್ಲಿ ಮಾಲಿ. ನನ್ನ ಅಪ್ಪನ ವಯಸ್ಸು.

ಅಲ್ಲಿದ್ದ ಆಲದ ಬೋನ್ಸಾಯ್‌ಗೆ ಕುಂಡ ಬದಲಿಸಬೇಕಿತ್ತು. ಕಂಪ್ಲಿಯ ಕುಂಬಾರರ ಹತ್ತಿರ ತಟ್ಟೆಯಂಥ ಮಣ್ಣಿನ ಕುಂಡ ಮಾಡಿಸೋಣ ಎಂದು ಅವರು ಹೇಳಿದರು. ನಾನು ಹೊಸಪೇಟೆಯಿಂದ ಹೊಳೆಯುವ ಬಿಳಿ ಪಿಂಗಾಣಿಯದನ್ನು ತಂದೆ. ಕುಂಡದ ಆಳ ಕಾಂಡದ ದಪ್ಪದಷ್ಟಿದ್ದರೆ ಸಾಕೆಂದು ಓದಿ ಪಾಸಾದವಳು — ಹೊಳಪಿಗೆ ಮರುಳಾಗಿ ಅದರ ಎರಡರಷ್ಟು ಆಳದ್ದನ್ನು ತಂದಿದ್ದೆ.

“ಬರೋ ಮಂದಿ ಗಿಡ ನೋಡ್ಬೇಕೋ ಕುಂಡ ನೋಡ್ಬೇಕೋ, ಮೇಡಮ್ಮಾರ?” ಎಂದರು ಹುಲುಗಪ್ಪಣ್ಣ. ಉಳಿದ ಮಾಲಿಗಳೆಲ್ಲ ನಕ್ಕರು. ಅದು ನನಗೆ ಚುಚ್ಚಿತು.

ಸಂಡೂರಿನ ಮಣ್ಣು ನಿಮಗೆ ಗೊತ್ತಲ್ಲ, ಅದಿರು ಬೆರೆತ ಕಡುಗೆಂಪು. ನೀರು ಹಾಕಿದಾಗಲೆಲ್ಲ ಕುಂಡದ ತಳದಿಂದ ಕೆಂಪು ನೀರು ಇಳಿದು ಅಮೃತಶಿಲೆಯ ನೆಲದ ಮೇಲೆ ಕಲೆಯಾಗುತ್ತಿತ್ತು. ದೊಡ್ಡ ಅಧಿಕಾರಿಗಳು ಬರುವವರಿದ್ದರು. ಕಲೆ ಕಾಣಬಾರದು ಎಂದು ಮ್ಯಾನೇಜರ್ ರೇಗಿದರು. ಕೆಳಗೊಂದು ತಟ್ಟೆ ಇಟ್ಟರೆ ಆಗುತ್ತಿತ್ತು — ಆದರೆ ಆ ಉಪಾಯ ಹುಲುಗಪ್ಪಣ್ಣನದು. ಅದಕ್ಕೇ ನಾನು ತೂತುಗಳನ್ನು ಮುಚ್ಚಿದೆ. ಎರಡೇ ದಿನ ಎಂದುಕೊಂಡಿದ್ದೆ. ನೆಲ ಸ್ವಚ್ಛವಾಗಿದೆ ಎಂದು ಎಲ್ಲರೂ ಹೊಗಳಿದರು, ಹಾಗೇ ಬಿಟ್ಟೆ. ನೀರು ಯಾಕೆ ಕೆಳಗೆ ಬರುತ್ತಿಲ್ಲ ಎಂದು ಹುಲುಗಪ್ಪಣ್ಣ ಕೇಳಿದಾಗ, ಹೊಸ ಮಣ್ಣು ಹೀರಿಕೊಳ್ಳುತ್ತದೆ, ನೀವು ಹಾಕುತ್ತಿರಿ ಎಂದೆ. ಓದಿದವಳ ಮಾತು ಎಂದು ನಂಬಿದರು.

ತಿಂಗಳೊಳಗೆ ಎಲೆಗಳು ಹಳದಿಯಾಗಿ ಉದುರಿದವು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮ್ಯಾನೇಜರ್ ಕೇಳಿದಾಗ ಹೇಳಿಬಿಟ್ಟೆ —

“ಹುಲುಗಪ್ಪ ನೀರು ಜಾಸ್ತಿ ಹಾಕಿದಾನೆ ಸರ್.”

ಅವರನ್ನು ತೋಟದಿಂದ ತೆಗೆದು ರಸ್ತೆ ಗುಡಿಸಲು ಹಾಕಿದರು. ನಾನು ಗುಟ್ಟಾಗಿ ಸಿಮೆಂಟು ಕಿತ್ತು, ಕೊಳೆತ ಬೇರು ಕತ್ತರಿಸಿ ಗಿಡ ಉಳಿಸಿದೆ. ನನ್ನ ಕೆಲಸ ಕಾಯಂ ಆಯಿತು.

ಹೋದ ವರ್ಷ ಆ ಗಿಡಕ್ಕೆ ಮತ್ತೆ ಕುಂಡ ಬದಲಿಸುವಾಗ, ಇನ್ನೂ ರಸ್ತೆ ಗುಡಿಸುತ್ತಿದ್ದ ಹುಲುಗಪ್ಪಣ್ಣನನ್ನು ಕರೆಸೋಣವೆಂದು ತೋಟದಲ್ಲಿದ್ದ ವಡ್ಡಿನ ಕೆಲಸಗಾತಿಗೆ ಹೇಳಿದೆ. ಅವಳು ಬೇಡವೆಂದು ಕೈ ಅಲ್ಲಾಡಿಸಿದಳು. “ಅವ್ರ ಕೈಲೆ ಬ್ಯಾಡ್ರಿ ಮೇಡಂ. ಕೈಗುಣ ಕೆಟ್ಟೈತಿ. ಸಾಹೇಬ್ರ ಗಿಡಾನ ಕೊಳಿಸ್ಯಾರ.”

ಊರಿನಲ್ಲಿ ಬಿತ್ತನೆಯ ಮೊದಲ ಹಿಡಿ ಬೀಜ ಹಾಕಲು ಎಲ್ಲರೂ ಅವರನ್ನೇ ಕರೆಯುತ್ತಿದ್ದರಂತೆ. ನನ್ನ ಮಾತು ಊರು ಮುಟ್ಟಿದ ಮೇಲೆ ಒಬ್ಬರೂ ಕರೆದಿರಲಿಲ್ಲ. ಮನೆಯಂಗಳದ ಮಲ್ಲಿಗೆಗೂ ಅವರು ನೀರು ಹಾಕುತ್ತಿರಲಿಲ್ಲವಂತೆ, ಹೆಂಡತಿ ಹಾಕುತ್ತಿದ್ದರಂತೆ.

ಮರುದಿನ ರಜೆ, ಬೆಳಿಗ್ಗೆಯೇ ವಡ್ಡಿಗೆ ಹೋದೆ. ಅವರು ನಾಲ್ಕು ಜನರ ಜೊತೆ ಕಟ್ಟೆಯ ಮೇಲೆ ಕುಳಿತಿದ್ದರು. ಒಳಗೆ ಹೋಗಿ ಮಾತಾಡೋಣ ಎಂದರು. ಇಲ್ಲೇ, ಇವರೆಲ್ಲ ಕೇಳಬೇಕು ಎಂದೆ. ಸಿಮೆಂಟು, ಸುಳ್ಳು, ಒಂದನ್ನೂ ಬಿಡದೆ ನಿಂತುಕೊಂಡೇ ಹೇಳಿದೆ.

ಅವರು ಬೈಯಲಿಲ್ಲ. ಅಂಗೈಗಳನ್ನೇ ನೋಡಿಕೊಂಡರು.

“ಅಂದ್ರ... ನನ್ನ ಕೈ ನೆಟ್ಟಗಿತ್ತೇನವ್ವಾ?”

“ನೆಟ್ಟಗಿತ್ತಣ್ಣ. ನಂದೇ ಸೊಟ್ಟ.”

ಪಕ್ಕದಲ್ಲಿದ್ದ ಅವರ ಗೆಣೆಕಾರ ಬೆನ್ನಿಗೊಂದು ಗುದ್ದಿದ. “ಲೇ ಹುಲುಗ್ಯಾ, ಇನ್ನ ಮ್ಯಾಲ ನನ್ನ ಬೆಳಿ ಕೈ ಕೊಟ್ರ ಯಾರ್ನ ಬೈಲಿ?” ಕಟ್ಟೆಯೆಲ್ಲ ನಕ್ಕಿತು. ಹುಲುಗಪ್ಪಣ್ಣ ನಗುತ್ತಲೇ ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಬಹಳ ಹೊತ್ತು.

ನಡೆದದ್ದನ್ನು ಬರೆದು, ಸಹಿ ಹಾಕಿ ಮ್ಯಾನೇಜರಿಗೆ ಕೊಟ್ಟೆ. ಅವರು ನನಗೊಂದು ನೋಟಿಸು ಕೊಟ್ಟರು, ತೆಗೆದುಕೊಂಡೆ. ಹುಲುಗಪ್ಪಣ್ಣ ತೋಟಕ್ಕೆ ಮರಳಿದರು. ಇಬ್ಬರೂ ಕಂಪ್ಲಿಗೆ ಹೋಗಿ, ಅವರು ಆರಿಸಿದ ಕಂದು ಬಣ್ಣದ ಕುಂಡ ತಂದೆವು — ಆಳವಿಲ್ಲದ್ದು, ಹೊಳಪಿಲ್ಲದ್ದು. ಆಲವನ್ನು ಅದಕ್ಕೆ ಕೂರಿಸಿದ್ದು ಅವರ ಕೈ. ಹೊಸಪೇಟೆಯ ಪ್ರದರ್ಶನದಲ್ಲಿ ಮೊದಲ ಬಹುಮಾನಕ್ಕೆ ಕೂಗಿದ್ದು ಅವರ ಹೆಸರನ್ನು. ನನ್ನ ಪದವಿ ಬಂದ ದಿನವೂ ನಾನು ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿರಲಿಲ್ಲ.

ಈ ಮುಂಗಾರಿನಲ್ಲಿ ವಡ್ಡಿನ ಏಳು ಮನೆಯವರು ಅವರನ್ನು ಹೊಲಕ್ಕೆ ಕರೆದರು. ನಾನು ಬದುವಿನ ಮೇಲೆ ನಿಂತು ನೋಡಿದೆ. ಹುಲುಗಪ್ಪಣ್ಣ ಮುಷ್ಟಿ ತುಂಬ ಜೋಳ ಹಿಡಿದು, ಎದೆ ಸೆಟೆಸಿ, ಮದುಮಗನ ಹಾಗೆ ನಡೆದು ಹೋದರು. ನಾನು ಅವರಿಂದ ಒಂಬತ್ತು ಬಿತ್ತನೆ ಕಿತ್ತುಕೊಂಡಿದ್ದೇನೆ. ಅವನ್ನು ತಂದುಕೊಡಲು ನನ್ನಿಂದ ಆಗುವುದಿಲ್ಲ. ಹತ್ತನೆಯದಕ್ಕೆ ಅವರು ಕೈ ಎತ್ತಿ ಬೀಜ ಎರಚಿದರು.